ಶಾಕ್‌ನಿಂದ ಎಣ್ಣೆ ಸೋರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸರ್, ಮಗನ ರಿಮೋಟ್ ಟ್ರಕ್ಕಿನ ಕುಲುಕಾಟ ತಡೆಯುವ ಹಿಂದಿನ ಶಾಕ್‌ಗಳು ಎಣ್ಣೆ ಸೋರುತ್ತಿವೆ. ಹೊಲಿಗೆ ಮಷಿನ್ ಎಣ್ಣೆ ತುಂಬಬಹುದಾ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ದಯವಿಟ್ಟು ಬೇಡ. ನಾನೂ ಒಮ್ಮೆ ಹಾಗೇ ಮಾಡಿದ್ದೆ. ಕೆಲವೇ ದಿನಕ್ಕೆ ಓ-ರಿಂಗ್ (ರಾಡ್ ಸುತ್ತ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಉಬ್ಬಿ, ಶಾಕ್ ಒಳಗೆ ಮೇಲೆ ಕೆಳಗೆ ಆಡುವ ರಾಡ್ ಬಿಗಿಯಾಯಿತು. ಸಿಲಿಕಾನ್ ಶಾಕ್ ಎಣ್ಣೆಯೇ ಬೇಕು.

ನಮ್ಮೂರಿನ ಕೆಂಪು ಧೂಳು ಗೊತ್ತಲ್ವಾ? ರಾಡಿಗೆ ಅಂಟಿಕೊಂಡು ರಿಂಗನ್ನು ಅರದ ಹಾಗೆ ಉಜ್ಜುತ್ತದೆ. ರಾಡ್ ಮೇಲೆ ಉಗುರು ಎಳೆದು ನೋಡಿ. ಗೀರು ಸಿಕ್ಕರೆ ರಾಡನ್ನೂ ಬದಲಿಸಿ, ಬರೀ ರಿಂಗ್ ಹಾಕಿದರೆ ಮತ್ತೆ ಸೋರುತ್ತದೆ. ಹೊಸ ರಿಂಗಿಗೆ ಅದೇ ಎಣ್ಣೆ ಸವರಿ ಕೂರಿಸಿ.

ತುಂಬುವಾಗ ಅವಸರ ಬೇಡವೇ ಬೇಡ. ರಾಡನ್ನು ಪೂರ್ತಿ ಕೆಳಗೆಳೆದು, ಶಾಕ್ ನೆಟ್ಟಗೆ ಹಿಡಿದು, ಬಾಯಿತನಕ ಎಣ್ಣೆ ಹಾಕಿ. ರಾಡನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ. ರಾಡಿನ ಒಳತುದಿಯ ಪಿಸ್ಟನ್ ಬಿಲ್ಲೆಯ ತೂತಿನಿಂದ ಸಾಸಿವೆಯಂಥ ಗುಳ್ಳೆಗಳು ಏಳುತ್ತವೆ, ನೋಡೋಕೇ ಚೆಂದ. 10 ನಿಮಿಷ ಸುಮ್ನೆ ಬಿಡಿ. ಗುಳ್ಳೆಯೆಲ್ಲ ಹೋದ ಮೇಲೇ ಮುಚ್ಚಳ ಹಾಕಿ. ಜಾಸ್ತಿಯಾದ ಎಣ್ಣೆ ಹೊರಗೆ ಬರಲಿ, ಒರೆಸಿಬಿಡಿ.

40 ಡಿಗ್ರಿ ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ. ಈಗ 30 ವೇಟ್ (ಎಣ್ಣೆಯ ದಪ್ಪದ ಅಂಕಿ) ಇದ್ದರೆ ಬೇಸಿಗೆಗೆ 35 ಹಾಕಿ, ಎಡಕ್ಕೂ ಬಲಕ್ಕೂ ಒಂದೇ.