ಸಂಬಳ ತಗೊಳ್ಳದ ಸ್ಥಾಪಕರನ್ನ ಕಂಡ್ರೆ ನಂಗೆ ಭಯ ಜಾಸ್ತಿ

ಸಾಮಾಜಿಕ ಉದ್ಯಮ ನಡೆಸೋರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೀತಾ ಇದೀನಿ. ಈ ಸಲ ಬಂದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಳೇ ಪ್ರಶ್ನೆಗಳೇ, ಊರು ಮಾತ್ರ ಬೇರೆ. ಸಂಸ್ಥೆಗಳ ಲೆಕ್ಕಪತ್ರ ನೋಡೋ ಕೆಲಸದಲ್ಲಿ ನಂಗೆ 22 ವರ್ಷ ಆಯ್ತು, ಇಷ್ಟು ವರ್ಷದಲ್ಲಿ ಇದೇ ನಾಲ್ಕೈದು ವಿಷಯಕ್ಕೆ ಒಳ್ಳೊಳ್ಳೆ ಸಂಸ್ಥೆಗಳು ಮುಳುಗಿದ್ದು ನೋಡಿದೀನಿ, ಅದಕ್ಕೇ ಸಿಟ್ಟು ಬರುತ್ತೆ. ಟ್ರಸ್ಟ್ ಅಂದ್ರೇನು, ಸೊಸೈಟಿ ಅಂದ್ರೇನು, ಸೆಕ್ಷನ್ 8 ಕಂಪನಿ ಅಂದ್ರೇನು ಅಂತೆಲ್ಲ ಇಲ್ಲಿ ಹೇಳಲ್ಲ, ನಿಮ್ಮ ಸಂಸ್ಥೆ ಯಾವುದರ ಅಡಿ ನೋಂದಣಿ ಆಗಿದೆ ಅಂತ ನಿಮಗೇ ಗೊತ್ತಿಲ್ಲ ಅಂದ್ರೆ ಮೊದಲು ಬೀರು ತೆಗೆದು ಕಾಗದ ಓದಿ ಆಮೇಲೆ ಬರೀರಿ.

ಪ್ರಶ್ನೆ: *ನಮ್ಮದು ಹಾವೇರಿ ಜಿಲ್ಲೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರೋ ಸೆಕ್ಷನ್ 8 ಕಂಪನಿ ಶುರು ಮಾಡಿ 6 ವರ್ಷ ಆಯ್ತು, 38 ಹೆಣ್ಮಕ್ಕಳು ಕೆಲಸ ಮಾಡ್ತಾರೆ. ಬೋರ್ಡಲ್ಲಿ ನಾನು, ನಮ್ಮ ಯಜಮಾನರು, ಮೈದುನ. ಇಲ್ಲಿತನಕ ನಾನು ಒಂದು ರೂಪಾಯಿ ಸಂಬಳ ತಗೊಂಡಿಲ್ಲ, ಎಲ್ಲ ಕಡೆ ಅದನ್ನೇ ಹೇಳ್ಕೊಂಡು ಬಂದಿದೀನಿ. ಈಗ ಮಗನ ಕಾಲೇಜು ಫೀಸು ಕಟ್ಟಬೇಕು. ಸಂಬಳ ತಗೊಂಡ್ರೆ ಜನ ಏನಂತಾರೆ, ಅದು ನೈತಿಕವಾಗಿ ತಪ್ಪಾ? ಮೈದುನ ಅವನ ಹೆಸರಲ್ಲಿ ಕನ್ಸಲ್ಟೆನ್ಸಿ ಬಿಲ್ ಮಾಡಿ ತೆಗೆದುಕೊಡ್ತೀನಿ ಅಂತಾನೆ.*

ಅಕ್ಕಾವ್ರೇ, ಸಂಬಳ ತಗೊಳ್ಳಿ. ಇದೇ ತಿಂಗಳಿಂದ ಬೇಡ, ಯಾಕೆ ಅಂತ ಹೇಳ್ತೀನಿ, ಆದ್ರೆ ತಗೊಳ್ಳಿ. ಮೈದುನನ ಬಿಲ್ ವಿಷಯ ಮಾತ್ರ ಇವತ್ತೇ ಬಿಟ್ಬಿಡಿ. ಮಾಡದ ಕೆಲಸಕ್ಕೆ ಬಿಲ್ ಬರೆಯೋದು ಸುಳ್ಳು ಲೆಕ್ಕ, ಅದ್ರಲ್ಲಿ ಬೇರೆ ಮಾತಿಲ್ಲ. ಸ್ಥಾಪಕರಿಗೆ, ಅವರ ಸಂಬಂಧಿಕರಿಗೆ ಸಮಂಜಸಕ್ಕಿಂತ ಹೆಚ್ಚು ದುಡ್ಡು ಹೋಗಿದೆ ಅಂತ ಆದಾಯ ತೆರಿಗೆಯವರಿಗೆ ಕಂಡ್ರೆ ಸಂಸ್ಥೆಯ ವಿನಾಯಿತಿಗೇ ಕುತ್ತು ಬರುತ್ತೆ. ಆರು ವರ್ಷ ಒಂದು ರೂಪಾಯಿ ಮುಟ್ಟದೆ ಕೆಲಸ ಮಾಡಿದ ನಿಮ್ಮ ಹೆಸರು ಒಂದು ಕಳ್ಳ ಬಿಲ್ಲಿಗೆ ಹೋಗೋದು ನೋಡಕ್ಕೆ ನಂಗೆ ಇಷ್ಟ ಇಲ್ಲ.

ಈಗ ನಿಮ್ಮ ಮೆಮೊರಾಂಡಮ್ ತೆಗೀರಿ, ಅಂದ್ರೆ ಕಂಪನಿ ನೋಂದಣಿ ಮಾಡಿಸುವಾಗ ಅದರ ಉದ್ದೇಶ, ಷರತ್ತು ಬರೆದುಕೊಟ್ಟ ಕಾಗದ. ಸೆಕ್ಷನ್ 8 ಕಂಪನಿ ಲಾಭಾಂಶ ಹಂಚೋ ಹಾಗಿಲ್ಲ, ಆದ್ರೆ ನಿಜವಾಗಿ ಮಾಡಿದ ಕೆಲಸಕ್ಕೆ ಮಿತವಾದ ಸಂಬಳ ಕೊಡೋಕೆ ಸಾಮಾನ್ಯವಾಗಿ ಅದ್ರಲ್ಲೇ ಅವಕಾಶ ಬರೆದಿರುತ್ತೆ. ನಿಮ್ಮದ್ರಲ್ಲಿ ಏನಿದೆ ಅಂತ ಸಾಲು ಸಾಲಾಗಿ ಓದಿ. (ಟ್ರಸ್ಟ್ ನಡೆಸೋರಿಗೆ ಇದು ಅನ್ವಯ ಆಗಲ್ಲ, ಎಷ್ಟೋ ಟ್ರಸ್ಟ್ ಡೀಡಲ್ಲಿ ಟ್ರಸ್ಟಿಗಳಿಗೆ ಸಂಭಾವನೆ ಇಲ್ಲ ಅಂತಲೇ ಇರುತ್ತೆ, ಅವರು ಬೇರೆ ಕೇಳ್ಬೇಕು.) ನಿಮ್ಮದ್ರಲ್ಲಿ ಅವಕಾಶ ಇದ್ರೆ ಕಾನೂನು ನಿಮಗೆ ಅಡ್ಡ ಇಲ್ಲ, ಅಡ್ಡ ಇರೋದು ನಿಮ್ಮ ಬೋರ್ಡು.

ಸ್ವಲ್ಪ ಯೋಚನೆ ಮಾಡಿ ನೋಡಿ, ನಿಮ್ಮ ಸಂಬಳದ ವಿಷಯ ಮೀಟಿಂಗಿಗೆ ಬಂತು ಅಂತಿಟ್ಕೊಳ್ಳಿ, ನಿಮ್ಮ ವಿಷಯ ಅಂದ್ಮೇಲೆ ನೀವು ಎದ್ದು ಆಚೆ ಹೋಗ್ಬೇಕು, ನಿಮ್ಮ ಯಜಮಾನರೂ ಹೋಗ್ಬೇಕು, ಉಳಿಯೋದು ಮೈದುನ ಒಬ್ಬರೇ, ಅವರು ಒಬ್ಬರೇ ಕೂತು ಅತ್ತಿಗೆಗೆ ಎಷ್ಟು ಕೊಡ್ಬೇಕು ಅಂತ ತೀರ್ಮಾನ ಮಾಡ್ತಾರಾ? ಅದನ್ನ ಯಾರು ನಂಬ್ತಾರೆ? ಅದಕ್ಕೇ ಈ ತಿಂಗಳು ಬೇಡ ಅಂದಿದ್ದು. ಮೊದಲು ಬೋರ್ಡಿಗೆ ಹೊರಗಿನವರನ್ನ ತನ್ನಿ. ರೊಟ್ಟಿ ತಟ್ಟೋ ಹೆಣ್ಮಕ್ಕಳಲ್ಲಿ ಇಬ್ಬರು, ಅವರೇ ಆರಿಸಿ ಕಳಿಸ್ಲಿ, ನೀವು ಆರಿಸ್ಬೇಡಿ. ಜೊತೆಗೆ ಲೆಕ್ಕ ಗೊತ್ತಿರೋ ಒಬ್ಬರು, ನಿಮ್ಮ ಬೀಗರಲ್ಲದವರು, ರಿಟೈರ್ ಆದ ಬ್ಯಾಂಕ್ ಮ್ಯಾನೇಜರೋ ಸಹಕಾರ ಸಂಘದ ಕಾರ್ಯದರ್ಶಿಯೋ ಸಿಕ್ಕೇ ಸಿಗ್ತಾರೆ. ಮೈದುನನಿಗೆ ಬೇಜಾರಾಗುತ್ತೆ ಅಂತ ನೀವು ಬರೀತೀರ, ಗೊತ್ತು. ಆಗ್ಲಿ.

ನಿಮ್ಮಲ್ಲಿ ಕೆಲಸ ಮಾಡೋ ಹೆಣ್ಮಕ್ಕಳೆಲ್ಲ ಯಾವುದಾದ್ರೂ ಸ್ತ್ರೀಶಕ್ತಿ ಸಂಘದಲ್ಲೋ ಇನ್ನೊಂದ್ರಲ್ಲೋ ಇದ್ದೇ ಇರ್ತಾರೆ. ಅಲ್ಲಿ ಐದು ಸಾವಿರ ಸಾಲ ಕೊಡ್ಬೇಕಂದ್ರೂ ವಾರದ ಸಭೆಲಿ ಎಲ್ಲರ ಮುಂದೆ ಹೇಳಿ, ಠರಾವು ಬರೆದು, ಸಹಿ ಹಾಕ್ಸಿ ಆಮೇಲೆ ಕೊಡ್ತಾರೆ. ಇಷ್ಟು ಶಿಸ್ತು ಗೊತ್ತಿರೋ ಹೆಂಗಸರು ನಿಮ್ಮ ಕಂಪನಿಗೆ ಬಂದ್ಮೇಲೆ ಕಳೆದ ವರ್ಷ ಎಷ್ಟು ವ್ಯಾಪಾರ ಆಯ್ತು ಅಂತಲೂ ಗೊತ್ತಿಲ್ದೆ ರೊಟ್ಟಿ ತಟ್ತಾ ಕೂತಿದಾರೆ ಅಲ್ವಾ? ನಿಮ್ಮ ಪತ್ರದಲ್ಲಿ ಅವರಿಗೆ ಲೆಕ್ಕ ತೋರಿಸಿದ ಮಾತು ಎಲ್ಲೂ ಇಲ್ಲ, ಅದು ನಂಗೆ ಸಂಬಳಕ್ಕಿಂತ ಹೆಚ್ಚು ಚುಚ್ತು.

ನಾನು ಈ ಕೆಲಸಕ್ಕೆ ಬಂದ ಹೊಸದ್ರಲ್ಲಿ ಒಂದು ಸಂಸ್ಥೆ ಲೆಕ್ಕ ನೋಡ್ತಿದ್ದೆ, ಹೆಸರು ಬೇಡ. ಅದರ ಸ್ಥಾಪಕರು ಸಂಬಳ ತಗೊಳ್ತಿರಲಿಲ್ಲ, ಪ್ರತಿ ಭಾಷಣ ಶುರುವಾಗ್ತಿದ್ದಿದ್ದೇ ಆ ಮಾತಿಂದ. ಮನೆ ಬಾಡಿಗೆ ಆಫೀಸ್ ಬಾಡಿಗೆ ಅಂತ ಹೋಗ್ತಿತ್ತು, ಕಾರು, ಡ್ರೈವರ್, ಪೆಟ್ರೋಲ್ ಎಲ್ಲ ಯೋಜನೆ ಖರ್ಚಲ್ಲಿ, ಮಗಳ ಮದುವೆಗೆ ಬಂದ ನೆಂಟರ ಲಾಡ್ಜ್ ಬಿಲ್ ತರಬೇತಿ ಶಿಬಿರದ ಹೆಸರಲ್ಲಿ. ಆ ವರ್ಷ ಬುಟ್ಟಿ ಹೆಣೆಯೋ ಹೆಂಗಸರಿಗೆ ನಾಲ್ಕು ತಿಂಗಳ ದುಡ್ಡು ಬಾಕಿ ಇತ್ತು. ಸಿಬ್ಬಂದಿಗೆ ಎಲ್ಲ ಗೊತ್ತಿತ್ತು, ಆದ್ರೆ ಸಂಬಳ ಇಲ್ದೆ ದುಡಿಯೋ ಮನುಷ್ಯರನ್ನ ಕೇಳೋದು ಹೇಗೆ ಅಂತ ಯಾರೂ ಬಾಯಿ ಬಿಡ್ಲಿಲ್ಲ. ನಾನೂ ಮೊದಲ ವರ್ಷ ಕೇಳ್ಲಿಲ್ಲ. ಎರಡನೇ ವರ್ಷ ಕೇಳ್ದೆ, ನನ್ನನ್ನ ತೆಗೆದ್ರು. ಆ ಮೊದಲ ವರ್ಷದ್ದು ಇವತ್ತಿಗೂ ನನ್ನ ಮನಸ್ಸಲ್ಲಿದೆ. ನೀವು ಹಾಗೆ ಅಂತ ನಾನು ಹೇಳ್ತಿಲ್ಲ ಅಕ್ಕಾವ್ರೇ, ಆದ್ರೆ ಸಂಬಳ ಇಲ್ಲ ಅನ್ನೋದನ್ನ ಒಬ್ಬರು ಊರೆಲ್ಲ ಹೇಳ್ಕೊಂಡು ಬಂದಾಗ ಸುತ್ತಲಿನವರು ಪ್ರಶ್ನೆ ಕೇಳೋದನ್ನ ನಿಲ್ಲಿಸ್ತಾರೆ, ಆಮೇಲೆ ಆ ಒಬ್ಬರು ಎಷ್ಟೇ ಒಳ್ಳೆಯವರಾದ್ರೂ ಅವರನ್ನ ತಡೆಯೋರು ಯಾರೂ ಇರಲ್ಲ.

ಇನ್ನೊಂದು ವಿಷಯ, ಇದನ್ನ ಯಾರೂ ಯೋಚನೆ ಮಾಡಲ್ಲ. ನೀವು ಪುಕ್ಕಟೆ ದುಡಿಯೋದ್ರಿಂದ ನಿಮ್ಮ ರೊಟ್ಟಿ ರೇಟೇ ತಪ್ಪಾಗಿದೆ. ಹಿಟ್ಟು, ಸೌದೆ, ಕೂಲಿ, ಪ್ಯಾಕಿಂಗ್, ಸಾಗಾಟ ಎಲ್ಲ ಸೇರಿಸಿ ರೇಟ್ ಕಟ್ಟಿದೀರಿ, ಬೆಳಿಗ್ಗೆಯಿಂದ ರಾತ್ರಿ ತನಕ ಓಡಾಡೋ ಮ್ಯಾನೇಜರ್ ಖರ್ಚು ಅದ್ರಲ್ಲಿ ಸೊನ್ನೆ. ನಾಳೆ ನಿಮಗೆ ಹುಷಾರಿಲ್ಲ ಅಂದ್ರೆ ಆ ಜಾಗಕ್ಕೆ ಒಬ್ಬರನ್ನ ಇಡಕ್ಕೆ ದುಡ್ಡೆಲ್ಲಿದೆ? ನಿಮ್ಮಲ್ಲಿ ದಿನಕ್ಕೆ 3000 ರೊಟ್ಟಿ, ತಿಂಗಳಿಗೆ 25 ದಿನ ಅಂತ ಹಿಡಿದ್ರೆ 75,000 ರೊಟ್ಟಿ. 30,000 ಸಂಬಳ ಅಂದ್ರೆ ಒಂದು ರೊಟ್ಟಿಗೆ 40 ಪೈಸೆ. ಆ 40 ಪೈಸೆ ತಡೆಯಕ್ಕಾಗಲ್ಲ ಅಂದ್ರೆ ಇಷ್ಟು ದಿನ ನಿಮ್ಮ ಉದ್ಯಮ ನಡೆದಿದ್ದು ನಿಮ್ಮ ಮನೆ ದುಡ್ಡಲ್ಲಿ ಅಂತ ಅರ್ಥ, ಅದು ಈಗ್ಲೇ ಗೊತ್ತಾದ್ರೆ ಒಳ್ಳೇದು.

ಎಷ್ಟು ತಗೊಳ್ಳಬೇಕು ಅಂತ ಕೇಳ್ತೀರಿ. ನಿಮ್ಮ ಜಾಗಕ್ಕೆ ಹಾವೇರಿಯಲ್ಲೇ ಒಬ್ಬ ಮ್ಯಾನೇಜರನ್ನ ಇಟ್ರೆ ಎಷ್ಟು ಕೊಡ್ತಿದ್ರಿ ನೋಡಿ. ಅದ್ರ ಮೇಲೆ ನನ್ನದೊಂದು ಅಳತೆ ಇದೆ, ಕಾನೂನಲ್ಲಿ ಇಲ್ಲ, ನಂದೇ: ಪೂರ್ತಿ ತಿಂಗಳು ರೊಟ್ಟಿ ತಟ್ಟೋ ಹೆಂಗಸಿಗೆ ಸಿಗೋದರ ನಾಲ್ಕು ಪಟ್ಟು ದಾಟಬಾರದು. ಅವರ ಕೂಲಿ ಪಾವತಿ ಆದ್ಮೇಲೇನೇ ನಿಮ್ಮ ಸಂಬಳ, ಅವರದ್ದು ತಡ ಆದ ತಿಂಗಳು ನಿಮ್ಮದೂ ತಡ, ಇದನ್ನ ಠರಾವಲ್ಲೇ ಬರೆಸಿ. ಹಿಂದಿನ ಆರು ವರ್ಷದ್ದು ಕೇಳ್ಬೇಡಿ, ಅದು ಆಗಿಹೋಯ್ತು. ಕೈಯಿಂದ ಹಾಕಿದ ಬಂಡವಾಳಕ್ಕೆ ಬ್ಯಾಂಕ್ ಎಂಟ್ರಿ ಇದ್ದು ಪುಸ್ತಕದಲ್ಲಿ ಸಾಲ ಅಂತ ಇದ್ರೆ ವಾಪಸ್ ತಗೊಳ್ಳಬಹುದು, ಇಲ್ಲ ಅಂದ್ರೆ ಈಗ ಹೊಸದಾಗಿ ಹಳೇ ತಾರೀಖು ಹಾಕಿ ವೋಚರ್ ಬರೀಬೇಡಿ.

ಜನ ಏನಂತಾರೆ ಅಂದ್ರಲ್ಲ, ಅವರು ಮಧುರೈನ ಅರವಿಂದ ಕಣ್ಣಾಸ್ಪತ್ರೆ ಡಾ. ಗೋವಿಂದಪ್ಪ ವೆಂಕಟಸ್ವಾಮಿ ಅವರನ್ನ ನೋಡಿ ಕಲೀರಿ ಅಂತಾರೆ, ನಂಗೂ ಪ್ರತಿ ಸಲ ಇದೇ ಉದಾಹರಣೆ ಬರುತ್ತೆ. ನಂಗೆ ಅವರ ಮೇಲೆ ಅಪಾರ ಗೌರವ. ಆದ್ರೆ ಅವರು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದಾಗ 58 ವಯಸ್ಸು ಮುಗಿಸಿ ಸರ್ಕಾರಿ ನೌಕರಿಯಿಂದ ನಿವೃತ್ತರಾಗಿದ್ರು, ಪಿಂಚಣಿ ಇತ್ತು, ಮದುವೆ ಆಗಿರಲಿಲ್ಲ. ನಿಮಗೆ ಕಾಲೇಜಿಗೆ ಹೋಗೋ ಮಗ ಇದಾನೆ. ಅಲ್ಲದೆ ಆ ಆಸ್ಪತ್ರೆ ಬರೀ ತ್ಯಾಗದ ಮೇಲೆ ನಿಂತಿದ್ದಲ್ಲ, ದುಡ್ಡು ಕೊಡೋ ರೋಗಿಗಳ ಆದಾಯದಲ್ಲೇ ಕೊಡಕ್ಕಾಗದವರ ಆಪರೇಷನ್ನೂ ಆಗೋ ಹಾಗೆ ಲೆಕ್ಕ ಕಟ್ಟಿದ್ರು, ಲೆನ್ಸ್ ದುಬಾರಿ ಅಂತ 1992ರಲ್ಲಿ ಅರೋಲ್ಯಾಬ್ ಶುರು ಮಾಡಿ ತಾವೇ ತಯಾರಿಸಿದ್ರು. 2006ರಲ್ಲಿ ಅವರು ತೀರ್ಕೊಂಡ ಮೇಲೂ ಆಸ್ಪತ್ರೆ ನಿಲ್ಲಲಿಲ್ಲ.

ನಿಮಗೆ ಹತ್ತಿರದ ಉದಾಹರಣೆ ಬೇಕಂದ್ರೆ ಲಿಜ್ಜತ್ ಹಪ್ಪಳ ನೋಡಿ. 1959ರಲ್ಲಿ ಮುಂಬಯಿಯ ಗಿರ್ಗಾಂವಲ್ಲಿ 7 ಜನ ಹೆಂಗಸರು 80 ರೂಪಾಯಿ ಸಾಲ ಮಾಡಿ ಹಪ್ಪಳ ಲಟ್ಟಿಸೋಕೆ ಕೂತ್ರು. ದಾನ ಬೇಡ ಅಂದ್ರು, ಲೆಕ್ಕ ಮೊದಲ ದಿನದಿಂದ ನೇರ ಇಟ್ರು, ದುಡಿಯೋ ಹೆಂಗಸರೇ ಒಡತಿಯರು, ಲಾಭ ಬಂದ್ರೂ ನಷ್ಟ ಆದ್ರೂ ಅವರದ್ದೇ ಪಾಲು. ಅಲ್ಲಿ ಯಾರೂ ನಾನು ಪುಕ್ಕಟೆ ದುಡಿದೆ ಅಂತ ಹೇಳೋ ಪ್ರಮೇಯನೇ ಇರಲಿಲ್ಲ, ಹಪ್ಪಳ ಲಟ್ಟಿಸಿದವರಿಗೆಲ್ಲ ದುಡ್ಡು.

ಇನ್ನು ಉಳಿದವು.

ಪ್ರಶ್ನೆ: *ಸೋಶಿಯಲ್ ಎಂಟರ್‌ಪ್ರೆನ್ಯೂರಿಗೆ ಇರಬೇಕಾದ 10 ಲೀಡರ್‌ಶಿಪ್ ಗುಣಗಳು ಯಾವುವು?*

ಮೇಲಿನ ಉತ್ತರ ಓದಿ. ನಿಮ್ಮ ಮಾತಿಗೆ ಇಲ್ಲ ಅನ್ನೋ ಅಧಿಕಾರ ಯಾರಿಗಾದ್ರೂ ಕೊಟ್ಟಿದೀರಾ ಅಂತ ನೋಡ್ಕೊಳ್ಳಿ, ಉಳಿದ ಒಂಬತ್ತು ಆಮೇಲೆ.

ಪ್ರಶ್ನೆ: *ಎರಡು ದಿನದ ಲೀಡರ್‌ಶಿಪ್ ವರ್ಕ್‌ಶಾಪ್, ಸರ್ಟಿಫಿಕೇಟ್ ಕೊಡ್ತಾರೆ, ಸಂಸ್ಥೆ ದುಡ್ಡಲ್ಲಿ ಹೋಗ್ಬಹುದಾ?*

ಬೇಡ. ಆ ದುಡ್ಡಲ್ಲಿ ನಿಮ್ಮ ಅಕೌಂಟ್ಸ್ ಹುಡುಗಿಗೆ ಟ್ಯಾಲಿ ಕಲಿಸಿ.

ಪ್ರಶ್ನೆ: *ಲಾಭ ಮಾಡಿದ್ರೆ ಅದು ಸಮಾಜ ಸೇವೆ ಹೇಗಾಗುತ್ತೆ?*

1995ರಿಂದ ಬೆಂಗಳೂರಿನ ಸೆಲ್ಕೋ ಬಡವರ ಮನೆಗೆ ಸೋಲಾರ್ ದೀಪ ಮಾರಿಕೊಂಡೇ ಬಂದಿದೆ, ಪುಕ್ಕಟೆ ಹಂಚಿಲ್ಲ, ಅದರ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಈ ಪ್ರಶ್ನೆ ಇನ್ನು ಕಳಿಸ್ಬೇಡಿ.

ಪ್ರಶ್ನೆ: *ನಮ್ಮ ಸಂಸ್ಥೆ ಹೆಂಗಸರಿಗೆ ಸಣ್ಣ ಸಾಲ ಕೊಡೋಕೆ ಶುರು ಮಾಡ್ತಿದೆ. ಬಡವರಿಗೆ ಸಾಲ ಸಿಗೋದೇ ದೊಡ್ಡ ಸೇವೆ ಅಲ್ವಾ?*

ಅಲ್ಲ. ಹೈದರಾಬಾದಿನ ಎಸ್‌ಕೆಎಸ್ ಮೈಕ್ರೋಫೈನಾನ್ಸ್ ಸೇವಾ ಸಂಸ್ಥೆಯಾಗಿ ಹುಟ್ಟಿ, ಆಮೇಲೆ ಕಂಪನಿ ಆಗಿ, 2010ರಲ್ಲಿ ಷೇರು ಪೇಟೆಯಿಂದ 1600 ಕೋಟಿಗೂ ಮೀರಿ ಎತ್ತಿತು. ಅದೇ ವರ್ಷ ಅಕ್ಟೋಬರಲ್ಲಿ, ಆ ಕ್ಷೇತ್ರದ ವಸೂಲಿ ಕಿರುಕುಳ, ಸಾಲಗಾರರ ಆತ್ಮಹತ್ಯೆ ಸುದ್ದಿಗಳ ನಡುವೆ ಆಂಧ್ರ ಸರ್ಕಾರ ಸುಗ್ರೀವಾಜ್ಞೆ ತಂತು. ಪಕ್ಕದ ರಾಜ್ಯದಲ್ಲಿ ಇಷ್ಟೆಲ್ಲ ಆಗಿ 14 ವರ್ಷ ಕಳೆದ ಮೇಲೆ ನಮ್ಮಲ್ಲೂ ಅದೇ ಆಯ್ತು, 2025ರ ಫೆಬ್ರವರಿಯಲ್ಲಿ ಕರ್ನಾಟಕವೂ ಸುಗ್ರೀವಾಜ್ಞೆ ತರಬೇಕಾಯ್ತು, ಕಿರುಕುಳಕ್ಕೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ವಾರ್ಷಿಕ ಆದಾಯ 3 ಲಕ್ಷದ ಒಳಗಿರೋ ಮನೆಗೆ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿತ್ತು. ನಿಮ್ಮ ಫೀಲ್ಡ್ ಹುಡುಗನಿಗೆ ತಿಂಗಳಿಗೆ ಇಷ್ಟು ಸಾಲ ಕೊಡಲೇಬೇಕು, ಇಷ್ಟು ವಸೂಲಿ ಆಗಲೇಬೇಕು ಅಂತ ಟಾರ್ಗೆಟ್ ಕೊಟ್ಟು ಕಳಿಸಿ, ಆಮೇಲೆ ಅವನು ರಾತ್ರಿ ಎಂಟಕ್ಕೆ ಯಾರದೋ ಮನೆ ಬಾಗಿಲಲ್ಲಿ ಕೂತ್ರೆ ನಂಗೆ ಗೊತ್ತಿರಲಿಲ್ಲ ಅಂತ ಹೇಳೋ ಹಾಗಿಲ್ಲ, ಕಳಿಸಿದ್ದು ನೀವು. ನನ್ನ ಸಲಹೆ, ಈ ಕೆಲಸಕ್ಕೆ ಕೈ ಹಾಕ್ಬೇಡಿ, ಹೆಂಗಸರ ಸಂಘಗಳನ್ನ ಬ್ಯಾಂಕಿಗೆ ಜೋಡಿಸಿ ಕೊಡಿ ಸಾಕು. ಅತಿ ಎಚ್ಚರಿಕೆ ಅನ್ನಿಸಿದ್ರೆ ಅನ್ನಿಸ್ಲಿ.

ಪ್ರಶ್ನೆ: *ಒಬ್ಬರು ಸಿಎಸ್‌ಆರ್ ಫಂಡ್ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ಕೊಡೋ ದುಡ್ಡು) ಕೊಡಿಸ್ತೀನಿ, 12ಎ, 80ಜಿ ಅಂತ ತೆರಿಗೆ ವಿನಾಯಿತಿ ನೋಂದಣಿ ಎಲ್ಲ ಮಾಡಿಸಿ ಕೊಡ್ತೀನಿ, ಬಂದ ದುಡ್ಡಲ್ಲಿ ಸ್ವಲ್ಪ ಪರ್ಸೆಂಟ್ ಕ್ಯಾಶ್ ವಾಪಸ್ ಕೊಡ್ಬೇಕು ಅಂತಿದಾರೆ. ಒಳ್ಳೆ ಕೆಲಸಕ್ಕೆ ತಾನೇ?*

ಅವರು ಕಳ್ಳರು, ಒಪ್ಪಿದ್ರೆ ನೀವೂ ಕಳ್ಳರು. ಕ್ಯಾಶ್ ವಾಪಸ್ ಕೊಡ್ಬೇಕಂದ್ರೆ ಸುಳ್ಳು ಬಿಲ್ ಬೇಕು, ಸುಳ್ಳು ಬಿಲ್ಲಿಗೆ ಸುಳ್ಳು ಫಲಾನುಭವಿ ಪಟ್ಟಿ ಬೇಕು, ಆ ಪಟ್ಟಿಲಿ ನಿಮ್ಮೂರಿನ ಹೆಣ್ಮಕ್ಕಳ ಆಧಾರ್ ನಂಬರ್ ಇರುತ್ತೆ. ಮುಂಗಡ ಅಂತ ಏನಾದ್ರೂ ಕೊಟ್ಟಿದ್ರೆ ಅದು ಹೋಯ್ತು ಅಂದ್ಕೊಳ್ಳಿ, ಫೋನ್ ಬ್ಲಾಕ್ ಮಾಡಿ.

ಪ್ರಶ್ನೆ: *ನಮ್ಮಲ್ಲಿ ಓದೋ ಮಕ್ಕಳ ಫೋಟೋ, ಅವರ ಮನೆ ಕಷ್ಟದ ಕತೆ ಹಾಕಿದ್ರೆ ದಾನ ಚೆನ್ನಾಗಿ ಬರುತ್ತೆ, ತಪ್ಪಾ?*

ತಪ್ಪು. ನಿಮ್ಮ ಮಗುವಿನ ಹರಿದ ಚಡ್ಡಿ ಫೋಟೋ ಇನ್ನೊಬ್ಬರು ಹಾಕಿದ್ರೆ ಒಪ್ತೀರಾ? ಹಾಕಿರೋದನ್ನ ಇವತ್ತೇ ತೆಗೆಸಿ, ಮಾಮೂಲಿ ಬ್ಯಾನರಲ್ಲಿ ಇರೋದನ್ನೂ ಸೇರಿಸಿ.

ರೊಟ್ಟಿ ಅಕ್ಕಾವ್ರು ಹೊಸ ಬೋರ್ಡಿನ ಮೊದಲ ಮೀಟಿಂಗ್ ಆದ್ಮೇಲೆ ಮತ್ತೆ ಬರೀರಿ. ಬರೆಯೋಕೆ ಮುಂಚೆ ಕಳೆದ 3 ವರ್ಷದ ಬ್ಯಾಲೆನ್ಸ್ ಶೀಟ್ ತೆಗೆದು, ಆ 38 ಜನರನ್ನೂ ಕೂರಿಸ್ಕೊಂಡು, ಕನ್ನಡದಲ್ಲಿ ಓದಿ ಹೇಳಿ. ಅವರು ಕೇಳೋ ಪ್ರಶ್ನೆಗಳನ್ನ ಬರ್ಕೊಂಡು ನಂಗೆ ಕಳಿಸಿ, ಮುಂದಿನ ಸಲ ಮೊದಲು ಅವಕ್ಕೆ ಉತ್ತರ ಕೊಡ್ತೀನಿ.