ನಗುವಿನ ಹಿಂದಿರುವ ಹಳೆಯ ಲೆಕ್ಕ: ಒಬ್ಬ ಹೊಸ ಲೇಖಕರಿಗೆ ಉತ್ತರ

ಮಾನ್ಯರೆ,

‘ಜಿಂದಗಿ ನಾ ಮಿಲೇಗಿ ದೊಬಾರಾ’ ಚಿತ್ರವನ್ನು ಕುರಿತು ನೀವು ಕಳುಹಿಸಿದ ಆರು ಪುಟಗಳ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೂ ವಿಷಾದದ ಒಂದು ಸಾಲು ಬರೆದು ಹಿಂದಿರುಗಿಸಲು ಮನಸ್ಸಾಗಲಿಲ್ಲ. ಐದನೆಯ ಪುಟದಲ್ಲಿರುವ ಒಂದು ವಾಕ್ಯ ಅದಕ್ಕೆ ಕಾರಣ.

ಮೊದಲ ನಾಲ್ಕು ಪುಟಗಳನ್ನು ಕಥಾಸಾರವೇ ನುಂಗಿದೆ. 2011ರಲ್ಲಿ ತೆರೆಕಂಡ, ಜೋಯಾ ಅಖ್ತರ್ ನಿರ್ದೇಶನದ ಈ ಚಿತ್ರವನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿದ್ದಾರೆ. ಮದುವೆ ನಿಶ್ಚಯವಾದ ಕಬೀರ್ ಹಳೆಯ ಗೆಳೆಯರಾದ ಅರ್ಜುನ್ ಮತ್ತು ಇಮ್ರಾನ್ ಜೊತೆ ಸ್ಪೇನ್ ಸುತ್ತುತ್ತಾನೆ, ಒಬ್ಬೊಬ್ಬನು ಆರಿಸಿದ ಸಾಹಸವನ್ನು ಮೂವರೂ ಮಾಡಲೇಬೇಕು ಎಂದಷ್ಟು ಹೇಳಿದರೆ ಸಾಕು.

‘ಹಾಸ್ಯ ಲವಲವಿಕೆಯಿಂದ ಕೂಡಿದೆ’ ಎಂದು ನಾಲ್ಕು ಕಡೆ ಬರೆದಿದ್ದೀರಿ. ಅದು ಹೇಗೆ ನಗಿಸುತ್ತದೆ ಎಂಬುದನ್ನು ಒಂದು ಕಡೆಯೂ ತೋರಿಸಿಲ್ಲ. ಕಬೀರ್ ಕೊಂಡ ದುಬಾರಿ ಬ್ಯಾಗಿಗೆ ‘ಬ್ಯಾಗ್‌ವತಿ’ ಎಂಬ ಹೆಸರು ಬೀಳುವ ಪ್ರಸಂಗವನ್ನೇ ತೆಗೆದುಕೊಳ್ಳಿ. ಬ್ಯಾಗಿನೊಳಗೆ ಭಗವತಿಯನ್ನು ಸೇರಿಸಿದ ಈ ಮಾತಿನಾಟಕ್ಕೆ ಕನ್ನಡದಲ್ಲಿ ವಿವರಣೆಯೇ ಬೇಕಿಲ್ಲ. ಹೆಸರು ಬಿದ್ದ ಮೇಲೆ ಆ ಬ್ಯಾಗು ಬರಿಯ ವಸ್ತುವಾಗಿ ಉಳಿಯದೆ ಪ್ರವಾಸದ ನಾಲ್ಕನೆಯ ಸದಸ್ಯೆಯೇ ಆಗುತ್ತದೆ. ಒಬ್ಬನ ಬಾಯಿಂದ ಬಿದ್ದ ಮಾತನ್ನು ಉಳಿದವರು ಹಿಡಿದುಕೊಂಡು ದಿನಗಟ್ಟಲೆ ಎಳೆದಾಡುವುದು ಹಳೆಯ ಸ್ನೇಹದಲ್ಲಿ ಮಾತ್ರ ಸಾಧ್ಯ. ಇದನ್ನು ನೀವು ಖಂಡಿತ ಗಮನಿಸಿದ್ದೀರಿ, ಬರೆಯಲಿಲ್ಲ ಅಷ್ಟೆ.

ಇನ್ನೂ ದೊಡ್ಡ ತೊಡಕೆಂದರೆ, ‘ಮೊದಲರ್ಧ ನಗು, ಉಳಿದರ್ಧ ಭಾವುಕತೆ’ ಎಂದು ಚಿತ್ರವನ್ನು ನೀವು ಹೋಳು ಮಾಡಿದ್ದೀರಿ. ಪ್ರವಾಸದಲ್ಲೂ ಕಚೇರಿಯ ಕರೆಗಳಲ್ಲೇ ಮುಳುಗಿರುವ ಅರ್ಜುನನ ಮೊಬೈಲನ್ನು ಇಮ್ರಾನ್ ಕಸಿದು ಕಾರಿನಿಂದಾಚೆ ಎಸೆಯುವಾಗ ನಾವು ನಗುತ್ತೇವೆ, ಆದರೆ ಆ ನಗು ಇಳಿಯುವ ಮೊದಲೇ ಹತ್ತಿಕೊಳ್ಳುವ ಜಗಳದ ಬೇರು ಮೊಬೈಲಿನಲ್ಲಿಲ್ಲ, ಹಿಂದೆ ಅರ್ಜುನನ ಪ್ರೇಯಸಿಯ ವಿಷಯದಲ್ಲಿ ಇಮ್ರಾನ್ ಮಾಡಿದ ದ್ರೋಹದಲ್ಲಿದೆ. ಅವನ ತಮಾಷೆಗಳೆಲ್ಲ ಕೇಳದೆ ಉಳಿದ ಆ ಕ್ಷಮೆಯ ಮೇಲೆ ಎಳೆದ ಮುಸುಕು ಎಂದು ಓದಿದರೆ ಎರಡೂ ಅರ್ಧಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಒಂದು ತಪ್ಪನ್ನು ತಿದ್ದಲೇಬೇಕು. ಚಿತ್ರವು ‘ಸ್ಪೇನ್ ಪ್ರವಾಸಕ್ಕೆ ನಂಬಬಹುದಾದ ಕೈಪಿಡಿ’ ಎಂದಿದ್ದೀರಿ. ಬುನ್ಯೋಲ್ ಊರಿನ ಟೊಮೆಟೊ ಎರಚಾಟ ನಡೆಯುವುದು ಆಗಸ್ಟ್ ತಿಂಗಳ ಕೊನೆಯ ಬುಧವಾರ. ಪಾಂಪ್ಲೋನಾದ ಗೂಳಿ ಓಟ ಜುಲೈ 7ರಿಂದ 14ರವರೆಗೆ, ಬೆಳಿಗ್ಗೆ 8 ಗಂಟೆಗೆ. ಚಿತ್ರದಲ್ಲಿ ಟೊಮೆಟೊ ಮೊದಲು, ಗೂಳಿ ಆಮೇಲೆ, ಎರಡೂ ಒಂದೇ ಪ್ರವಾಸದೊಳಗೆ. ಕಥೆಗೆ ಆ ಸ್ವಾತಂತ್ರ್ಯವುಂಟು. ನಿಮ್ಮ ಮಾತು ನಂಬಿ ರಜೆ ಹಾಕಿ ಹೊರಡುವ ಓದುಗರಿಗೆ ಮಾತ್ರ ಅದು ಅನ್ಯಾಯ.

ಇನ್ನು ನನ್ನನ್ನು ತಡೆದು ನಿಲ್ಲಿಸಿದ ಆ ವಾಕ್ಯ: ‘ಇಮ್ರಾನ್ ತಮಾಷೆ ಬಿಟ್ಟು ಮಾತಾಡಿದಾಗಲೇ ನನಗೆ ಅವನು ಗೆಳೆಯನಂತೆ ಕಂಡ.’ ತಾನು ಎಂದೂ ಕಂಡಿರದ ಹೆತ್ತ ತಂದೆಯನ್ನು ಭೇಟಿಯಾದ ಮೇಲೆ ಅವನು ಅರ್ಜುನನಲ್ಲಿ ಮನಸಾರೆ ಕ್ಷಮೆ ಕೇಳುವ ಗಳಿಗೆಯನ್ನು ಕುರಿತು ಬರೆದದ್ದದು; ಇಡೀ ಲೇಖನದಲ್ಲಿ ನಿಮ್ಮದೇ ಆದ ನೋಟ ಅಲ್ಲಿದೆ. ಅದನ್ನು ಮೊದಲ ಪುಟಕ್ಕೆ ತನ್ನಿ, ಅಲ್ಲಿಂದ ಹಿಂದಕ್ಕೆ ಹೋಗಿ ಅವನು ನಗಿಸಿದ ಎರಡು ಮೂರು ಸಂದರ್ಭಗಳನ್ನು ಬಿಡಿಸಿ, ಮೂರು ಪುಟಗಳಲ್ಲಿ ಮುಗಿಸಿ ಕಳುಹಿಸಿದರೆ ನಾನೇ ಓದಿ ಉತ್ತರಿಸುತ್ತೇನೆ.

ವಿಶ್ವಾಸದಿಂದ,
ಸಂಪಾದಕ