ಮೆಟ್ಟುಗತ್ತಿ ನೀಲಿಯಾದದ್ದಕ್ಕೆ ಆಚಾರಿಯನ್ನು ಬೈಯಬೇಡ

ತಮ್ಮಾ, ನೀನು ಹಾಕಿದ ಮೆಟ್ಟುಗತ್ತಿಯ (ಅಡಿಕೆ ಸುಲಿಯಲು ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ) ಫೋಟೋ ದೊಡ್ಡದು ಮಾಡಿ ನೋಡಿದೆ. ಕತ್ತಿ ಬಾಯಿಯುದ್ದಕ್ಕೂ ಬೆರಳಗಲ ನೀಲಿ. "ಸಾಣೆ ಹಿಡಿದು ಎರಡು ದಿನಕ್ಕೇ ಮೊಂಡಾಯ್ತು, ಆಚಾರಿ ಕೆಟ್ಟ ಕಬ್ಬಿಣ ಹಾಕಿದ್ದಾನೆ" ಅಂತ ಬರೆದಿದ್ದೀಯ. ಬಾಯಿಯ ಹದ (ಕಾಯಿಸಿ ಅದ್ದಿ ಬರಿಸಿದ ಗಟ್ಟಿತನ) ತೆಗೆದದ್ದು ಆಚಾರಿಯಲ್ಲ, ಸಾಣೆ ಹಿಡಿಯುವ ನಿನ್ನ ಗ್ರೈಂಡರಿನ ಬಿಸಿ.

ನಾನೂ ಇದನ್ನೇ ಮಾಡಿದವ. ಆರಿಂಚಿನ ಗ್ರೈಂಡರು ಹೊಸದಾಗಿ ತಂದ ವರ್ಷ, ಅಡಿಕೆ ಸುಲಿಯುವ ಸಮಯ, ಮನೆಯ ಐದೂ ಮೆಟ್ಟುಗತ್ತಿ ಒಂದೇ ರಾತ್ರಿ ಸಾಣೆ ಹಿಡಿದೆ. ಕಿಡಿ ಹಾರುವ ಚಂದಕ್ಕೆ ಒತ್ತಿದ್ದೇ ಒತ್ತಿದ್ದು. ಮಾರನೇ ದಿನ ಸುಲಿಯಲು ಕೂತ ಹೆಂಗಸರು ಹನ್ನೊಂದು ಗಂಟೆಯೊಳಗೆ "ಇದು ಕತ್ತಿಯೋ ಸೌಟೋ" ಅಂದರು. ಕುಲುಮೆಗೆ ಹೋಗಿ ಜಗಳ ತೆಗೆದೆ. ಆಚಾರಿ ಮಾತಾಡದೆ ಅರ ತಂದು ನೀಲಿ ಜಾಗಕ್ಕೆ ಉಜ್ಜಿದ, ಕಚ್ಚಿತು, ಅಂದರೆ ಮೆತ್ತಗಾಗಿದೆ. ಬುಡದಲ್ಲಿ ನಾನು ಸಾಣೆ ಮುಟ್ಟಿಸದ ಬಾಯಿಗೆ ಉಜ್ಜಿದ, ಜಾರಿತು, ಅಂದರೆ ಅಲ್ಲಿ ಹದ ಹಾಗೇ ಇದೆ. ಐದಕ್ಕೂ ಮತ್ತೆ ಹದ ಹಾಕಿಸಿದ ದುಡ್ಡು ನನ್ನದೇ. ನಿನ್ನದೂ ಸವೆಸಿ ತೆಗೆಯುವಷ್ಟು ಸಣ್ಣ ನೀಲಿಯಲ್ಲ, ಹದ ಹಾಕಿಸಲೇಬೇಕು.

ಸಾಣೆಯಲ್ಲಿ ಕಾದು ಬಾಯಿಗೆ ಹೊಂಬಣ್ಣ ಬಂದಾಗಲೇ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಹತ್ತಿರ. ಆಮೇಲೆ ನೀರಿಗದ್ದಿದರೆ ಹೋದ ಹದ ಬರುವುದಿಲ್ಲ. ಈಗ ನಾನು ಕೈಗವಸು ಇಲ್ಲದೆ, ಬೆರಳು ಬಾಯಿಯ ಹಿಂದೆಯೇ ಇಟ್ಟು ಹಿಡಿಯುತ್ತೇನೆ. ಬೆರಳಿಗೆ ಬಿಸಿ ತಾಗಿತೋ, ಪಕ್ಕದ ಬಕೆಟ್ಟಿಗೆ ಅದ್ದುವುದು. ಒಂದು ಎಳೆತ, ಒಂದು ಅದ್ದು. ಕೊನೆಯ ಹರಿತ ಗ್ರೈಂಡರಿನಲ್ಲಿ ಬೇಡವೇ ಬೇಡ, ಕೈಕಲ್ಲಿನಲ್ಲಿ ಮಸೆ. (ಎಚ್‌ಎಸ್‌ಎಸ್ ಅಂದರೆ ಹೈಸ್ಪೀಡ್ ಉಕ್ಕಿನ ಡ್ರಿಲ್ ಬಿಟ್ಟಿನ ಕಥೆ ಬೇರೆ, ಅದು ನೀಲಿಯಾದರೂ ಹದ ಬಿಡುವುದಿಲ್ಲ. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಬೇಡಿ, ಬಿರುಕು ಬಿಡುತ್ತದೆ.)

ನಿನ್ನ ಕಲ್ಲು ಕನ್ನಡಿ ಹಾಗೆ ಹೊಳೆಯುತ್ತಿದೆ. ಅದು ಕತ್ತರಿಸುತ್ತಿಲ್ಲ, ಬರೀ ಉಜ್ಜಿ ಕಾಯಿಸುತ್ತಿದೆ. ಡ್ರೆಸ್ಸರ್ (ಕಲ್ಲಿನ ಮುಖ ಕೆರೆದು ಹೊಸದು ಮಾಡುವ ಉಪಕರಣ) ಹಿಡಿ. ಗ್ರೈಂಡರಿನ ಜೊತೆ ಬರುವ ಬೂದು ಕಲ್ಲು ಗುದ್ದಲಿ, ಹಾರೆಗೆ ಸರಿ. ಕತ್ತಿಗೆ 60 ಗ್ರಿಟ್ಟಿನ (ಕಲ್ಲಿನ ಕಣದ ಅಳತೆ) ಬಿಳಿ ಕಲ್ಲು. ಕುಮಿ ಅಥವಾ ನಾರ್ಟನ್ ಕಂಪನಿಯದ್ದು ಹಾಕು, ಹೆಸರಿಲ್ಲದ ಅಗ್ಗದ ಕಲ್ಲು ನಾನಂತೂ ಮುಟ್ಟುವುದಿಲ್ಲ. ಹಾಕುವ ಮುಂಚೆ ಬೆರಳಿಗೆ ನೇತುಹಾಕಿ ಮರದ ಹಿಡಿಯಿಂದ ತಟ್ಟು: ಟಣ್ ಅನ್ನಬೇಕು, ದಬ್ ಅಂದರೆ ಬಿರುಕು. ಕಲ್ಲಿನ ಎರಡೂ ಬದಿಗೆ ಅಂಟಿಸಿದ ಕಾಗದ ಕೀಳಬೇಡ. ಎಡಬದಿಯ ನಟ್ಟು ಉಲ್ಟಾ ತಿರುಗುತ್ತದೆ. ತಣ್ಣಗಾಗಲಿ ಅಂತ ಕಲ್ಲಿನ ಮೇಲೇ ನೀರು ಸುರಿಯುವವರಿದ್ದಾರೆ! ನಿಂತ ಕಲ್ಲಿನ ಒಂದು ಬದಿ ನೀರು ಕುಡಿದರೆ ತೂಕ ತಪ್ಪಿ ಮೇಜೆಲ್ಲ ನಡುಗುತ್ತದೆ.

ಇನ್ನೊಂದು, ಬೈಯುತ್ತಿದ್ದೇನೆ ಅಂದುಕೊಂಡರೂ ಸರಿ: ಫೋಟೋದಲ್ಲಿ ರೆಸ್ಟಿಗೂ (ಕತ್ತಿ ಊರಿ ಹಿಡಿಯುವ ತಟ್ಟೆ) ಕಲ್ಲಿಗೂ ನಡುವೆ ಹೆಬ್ಬೆರಳು ಹೋಗುವಷ್ಟು ಸಂದಿ. 3 ಮಿ.ಮೀ. ಮೀರಬಾರದು. ಕತ್ತಿ ಒಳಗೆ ಸಿಕ್ಕಿಕೊಂಡರೆ ಕಲ್ಲೇ ಒಡೆದು ಮುಖಕ್ಕೆ ಬರುತ್ತದೆ, ಕನ್ನಡಕವೂ ಇಲ್ಲ ನಿನಗೆ.

ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು ತಮ್ಮ ಗ್ರೈಂಡರು "ಗುಂಯ್ ಅನ್ನುತ್ತೆ, ತಿರುಗಲ್ಲ" ಅಂದಿದ್ದರಲ್ಲ, ಮೊದಲು ವೋಲ್ಟೇಜ್ ನೋಡಿ, ಪಂಪ್‌ಸೆಟ್ ಓಡುವ ಹೊತ್ತು ನಮ್ಮಲ್ಲೂ ಹಾಗೇ. ಅದು ಸರಿಯಿದ್ದರೆ ಪ್ಲಗ್ ಕಿತ್ತು ಕೈಯಲ್ಲಿ ತಿರುಗಿಸಿ. ಬಿಗಿಯಿದ್ದರೆ ಬೇರಿಂಗ್, ಸಲೀಸಾಗಿ ತಿರುಗಿದರೆ ಹೆಚ್ಚಾಗಿ ಕೆಪಾಸಿಟರ್ (ಮೋಟಾರು ಶುರುವಾಗಲು ಬೇಕಾದ ಬಿಡಿಭಾಗ). ಹಳೆಯದರ ಮೇಲೆ ಬರೆದ ಮೈಕ್ರೋಫ್ಯಾರಡ್ಡೇ (ಅದರ ಅಳತೆ) ಕೇಳಿ ತನ್ನಿ.